ಮಾದರಿ ಸಂಖ್ಯೆ ಹದಿನೇಳು

ಬಾಟಲಿಯನ್ನು ಮೊದಲು ಅದೇ ನೀರಲ್ಲಿ ಮೂರು ಸಲ ತೊಳೆಯಬೇಕು.
ಆಮೇಲೆ ಓರೆಯಾಗಿ ಹಿಡಿದು, ಸದ್ದಿಲ್ಲದೆ,
ನಿದ್ದೆಗಣ್ಣಿನ ಕೂಸಿಗೆ ಹಾಲೂಡಿದ ಹಾಗೆ ತುಂಬಬೇಕು.
ಗುಳ್ಳೆಯೊಂದೂ ಒಳಗೆ ಉಳಿಯಬಾರದು;
ಉಳಿದರೆ ನೀರು ಸುಳ್ಳು ಹೇಳುತ್ತದೆ.

ರಬಕವಿಯ ಹಿಂದಿನ ಓಣಿ, ಬೆಳಗಿನ ಏಳೂವರೆ.
ಗಟಾರು ಇವತ್ತು ಅಚ್ಚ ನೀಲಿ.
ನಿನ್ನೆ ಬದನೆ ಬಣ್ಣ ಇತ್ತಂತೆ, ಮೊನ್ನೆ ಅರಿಶಿನ.
ಓಣಿಯ ಹುಡುಗರಿಗೆ ವಾರ ಗೊತ್ತಾಗುವುದು ಹೀಗೆ.
ನಾನು ಮಂಡಳಿಯ ಹೆಣ್ಣು. ಜೀಪಿನಲ್ಲಿ ಐಸುಪೆಟ್ಟಿಗೆ,
ಹದಿನಾರು ತುಂಬಿವೆ, ಇದು ಹದಿನೇಳನೆಯದು.

ಗುರಬಸವ್ವ ನೀಲಗಾರ ಹಂಡೆಯಿಂದ ನೂಲಿನ ಲಡಿ ಎತ್ತಿ
ಹಿಂಡುತ್ತ ಕೇಳುತ್ತಾಳೆ:
"ಏನ ನೋಡ್ತೀರಿ ಬಾಯಾರ ಇದರಾಗ?"
ಜೈವಿಕ ಆಮ್ಲಜನಕ ಬೇಡಿಕೆ ಎಂದು ಬಾಯಿಗೆ ಬಂದದ್ದನ್ನು ನುಂಗಿ
ನೀರಿಗೆ ಎಷ್ಟ ಹಸಿವೈತಿ ಅಂತ ನೋಡ್ತೇವವ್ವ, ಅಂದೆ.
ಮೂರು ದಿನ ಕತ್ತಲಾಗ, ಇಪ್ಪತ್ತೇಳು ಡಿಗ್ರಿ ಕಾವಿನಾಗ ಇಡ್ತೇವಿ.
ತನ್ನೊಳಗಿನ ಉಸಿರನ್ನ ತಾನ ಎಷ್ಟು ತಿಂತೈತೋ ಅಷ್ಟು ಹಸಿವು.
ಮೂವತ್ತು ದಾಟಬಾರದು.
"ಇಷ್ಟ ಹಸೀಬೇಕು ಅಂತ ಕಾಯ್ದೆ ಮಾಡ್ಯಾರೇನು?"
ಮಾಡ್ಯಾರ.
"ಚಲೋ ಆತು. ನಮ್ಮತ್ತಿ ಇದ್ದಿದ್ರ ಓದಿ ಹೇಳ್ತಿದ್ದೆ."

ನೋಟಿಸಿನಲ್ಲಿ ಆಕೆಯದು ಕೆಂಪು ವರ್ಗ.
ನಮ್ಮ ಪಟ್ಟಿಗೂ ಬಣ್ಣಗಳುಂಟು: ಕೆಂಪು, ಕಿತ್ತಳೆ, ಹಸಿರು, ಬಿಳಿ.
ತಲೆಮಾರುಗಟ್ಟಲೆ ನೀಲಿ ಕಾಸಿದ ಮನೆಗೆ
ಕೆಂಪು ಬರೆದವರು ಯಾರೋ ದಿಲ್ಲಿಯಲ್ಲಿ.
ಕಾಗದ ತಿರುವಿ, ಮೂಸಿ, ಆಕೆ ಕೇಳಿದ್ದು ಒಂದೇ:
"ಈ ಕೆಂಪು ಪಕ್ಕಾ ಏನ್ರಿ, ತೊಳದ್ರ ಹೋಗೂದೊ?"

ಮಾದರಿಯನ್ನು ಎರಡು ಪಾಲು ಮಾಡಿ ಅರಗು ಹಚ್ಚಬೇಕು,
ಅವರ ಸಹಿ, ನನ್ನ ಸಹಿ. ಕಾನೂನು ಅಷ್ಟು ಮರ್ಯಾದಸ್ಥ.
ಶಾಯಿಪ್ಯಾಡು ತೆಗೆದೆ. ಆಕೆ ಬೇಡವೆಂದು
ಹಾಗೆಯೇ ಹೆಬ್ಬೆರಳು ಒತ್ತಿದಳು.
ಕಾಗದದ ಮೇಲೆ ಬಿದ್ದದ್ದು ನನ್ನ ಮಾದರಿಯೇ.

ಹತ್ತನೆಯ ಬಾಟಲಿ ನಾಲಾದ ಕೆಳಗಿನ ಬೋರಿನದು.
ಆ ನೀರಲ್ಲಿ ಹಿಟ್ಟು ನಾದಿದರೆ ರೊಟ್ಟಿ ನಸುಗೆಂಪು.
ರಾಬಿಯಾಬಿ ಯಾರ ಹೆಸರನ್ನೂ ಹೇಳಲಿಲ್ಲ.
ಅವಳ ಮಗನೂ ಬಣ್ಣದ ಹಂಡೆಗೇ ಹೋಗುತ್ತಾನೆ.

ನದಿಯ ಕಡೆ ಹೋದರೆ ಸಕ್ಕರೆ ಕಾರ್ಖಾನೆ.
ಅಲ್ಲಿ ಬಾಟಲಿ ಬೇಕಿಲ್ಲ, ಗೋಡೆಗೆ ಯಂತ್ರವಿದೆ,
ಹದಿನೈದು ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತದೆ:
ಇಪ್ಪತ್ತೆಂಟು. ಇಪ್ಪತ್ತೆಂಟು. ಇಪ್ಪತ್ತೆಂಟು.
ಕಬ್ಬು ನುರಿಸುವಾಗಲೂ, ನುರಿಸದಾಗಲೂ,
ಹೋದ ತಿಂಗಳು ಎರಡು ದಿನ ಕರೆಂಟು ಇಲ್ಲದಾಗಲೂ.
ನಾನು ಟಿಪ್ಪಣಿ ಬರೆದೆ. ಟಿಪ್ಪಣಿಗೆ ಟಿಪ್ಪಣಿ ಬಂತು.

ಬಾಗಲಕೋಟೆಯ ಸಭೆಯಲ್ಲಿ ನಕಾಶೆ ಹರಡಿದ್ದರು:
ಎಲ್ಲ ಹಂಡೆಗಳ ನೀರೂ ಒಂದು ಕೊಳವೆಗೆ, ಕೊಳವೆ ಒಂದು ಘಟಕಕ್ಕೆ,
ಅಲ್ಲಿಂದ ತಿಳಿನೀರು ಮರಳಿ ಹಂಡೆಗೆ.
ಪೆನ್ಸಿಲು ಹಿಡಿದು ಗೆರೆ ಎಳೆದವಳು ನಾನೇ. ಚೆಂದದ ಗೆರೆ.
ಮೂರು ವರ್ಷದಲ್ಲಿ ಅದರ ಮೇಲೆ
ಚಹಾ ಕಪ್ಪಿನ ಉಂಗುರಗಳು ಬಿದ್ದಿವೆ,
ಜಾಗದ ಸರ್ವೆ ನಂಬರು ನಾಲ್ಕು ಸಲ ಬದಲಾಗಿದೆ.

ಹೋದ ಆಷಾಢದಲ್ಲಿ ಒಮ್ಮೆ ಈ ಗಟಾರು ತಿಳಿಯಾಗಿತ್ತು,
ತಳದ ಕಲ್ಲು, ಹರಿದ ಚಪ್ಪಲಿಯೊಂದು ಕಾಣುವಷ್ಟು.
ಖುಷಿಯಿಂದ ಬಾಟಲಿ ಅದ್ದಿದೆ. ಅದ್ದಿದ ಮೇಲೆ ಕೇಳಿಸಿತು
ಓಣಿಯಲ್ಲಿ ಏನೂ ಕೇಳಿಸುತ್ತಿಲ್ಲವೆಂದು.
ಮಗ್ಗ ನಿಂತು ಹನ್ನೊಂದು ದಿನವಾಗಿತ್ತು.
ಆ ಸಲದ ಅಂಕಿ ಹನ್ನೆರಡು.
ಷರಾದಲ್ಲಿ 'ತೃಪ್ತಿಕರ' ಎಂದು ಬರೆದದ್ದು ಇದೇ ಕೈ.

ಈಗ ಹದಿನೇಳನೆಯದಕ್ಕೆ ಬಿರಡೆ ತಿರುವುತ್ತೇನೆ.
ಗುರಬಸವ್ವ ಮುಂದಿನ ಲಡಿ ಅದ್ದುತ್ತಾಳೆ.
ಜೀಪಿನಿಂದ ಮಹಾಂತ್ಯಾ ಹಾರ್ನು ಹೊಡೆಯುತ್ತಾನೆ:
ಐಸು ಕರಗಾಕತ್ತೈತ್ರಿ.