ಬೆಲ್ಲದ ಲೆಕ್ಕ

ಇನ್ನೂರು ಪುಟದ ಉದ್ದ ಪುಸ್ತಕ, ಕೆಂಪು ಬೆನ್ನಿನದು.
ಮೊದಲ ಪುಟಕ್ಕೆ ಶಿಲುಬೆ ಗುರುತು, ಅದರಡಿ ನನ್ನ ಕೈಬರಹ:
ಕೆಂಬಾರೆಕೊಪ್ಪಲು ಹಳೇ ಗುಡಿ ರಿಪೇರಿ, ಜಮಾ-ಖರ್ಚು.
ಗುಡಿ ಅಂತಲೇ ಬರೆದೆ. ಸ್ವಾಮಿಗಳು ದೇವಾಲಯ ಅನ್ನಲಿ,
ನಾವು ಹುಟ್ಟಿದಾಗಿನಿಂದ ಮಾತೆ ಗುಡಿ ಅದು,
ನಾಲೆ ಏರಿಯ ಮೇಲಿಂದ ನೋಡಿದರೆ
ಕಾಲು ಮಡಿಸಿ ಕುಂತ ಎತ್ತಿನ ಹಾಗೆ.

ಜಮಾ ಕಡೆ: ಇನ್ನಾಸಪ್ಪ, ಐನೂರು.
ಮದಲೇನಮ್ಮ, ಮೊಟ್ಟೆ ಮಾರಿದ ದುಡ್ಡು, ಎಂಬತ್ತು.
ಮೈಸೂರಿನ ಕಚೇರಿಯಿಂದ ಒಂದು ಕಾಗದ, 'ಪರಿಶೀಲನೆಯಲ್ಲಿದೆ'.
ಹಳೇ ಕಟ್ಟಡದ ತಜ್ಞರು ಟೇಪು ಹಿಡಿದು ಅಳೆದು
ಎಳನೀರು ಕುಡಿದು ಹೋದರು.
ಎಳನೀರು ಆರು. ಅದು ಖರ್ಚಿಗೆ.

ಗಂಜಾಮಿನ ದಸ್ತಗೀರ್ ಮೇಸ್ತ್ರಿ ಗೋಡೆಗೆ ಕಿವಿಗೊಟ್ಟು
ಬೆರಳ ಗೆಣ್ಣಿನಿಂದ ತಟ್ಟಿದರು, ಡಾಕ್ಟರು ಬೆನ್ನು ತಟ್ಟುವಂತೆ.
'ಒಳಗೆ ನೀರು ಕುಂತದೆ. ಸಿಮೆಂಟು ಉಸಿರು ಕಟ್ಟಿಸ್ಬುಟ್ಟದೆ.
ಯಾರು ಮೆತ್ತಿಸಿದ್ದು ಇದನ್ನ?'
ನಾನು ಪುಸ್ತಕದ ಪುಟ ತಿರುವಿದೆ. ಖಾಲಿ ಪುಟ.

ಮೆತ್ತಿಸಿದ್ದು ನಮ್ಮಪ್ಪ.
ಎಪ್ಪತ್ತನಾಲ್ಕರಲ್ಲಿ, ಪರ್ಮಿಟ್ಟಿಗೆಂದು ಮಂಡ್ಯಕ್ಕೆ
ಹದಿಮೂರು ಸಲ ಸೈಕಲ್ಲು ತುಳಿದು
ಮೂವತ್ತು ಮೂಟೆ ತಂದವನು.
ಊರು ಕೊಂಡಾಡಿತು, ಬಾಗಿಲ ಪಕ್ಕದ ಕಲ್ಲಿನಲ್ಲಿ
'ಉ. ಚೌರಪ್ಪನ ಮೇಲ್ವಿಚಾರಣೆಯಲ್ಲಿ' ಎಂದು ಕೊರೆಸಿತು.
ಗೋಡೆ ಇನ್ನು ಕದಲದು ಎಂದು ಸಾಯುವಾಗಲೂ ನಂಬಿದ್ದ.
ಕದಲಲಿಲ್ಲ, ನಿಜ.
ನಿಂತ ಹಾಗೇ ಕೊಳೆಯಿತು.

ಸುಣ್ಣ ಬೇಕು, ಮರಳು ಬೇಕು, ಅಳಲೆಕಾಯಿ ನೆನೆಸಿದ ನೀರು,
ಬೆಲ್ಲ ಬೇಕು, ಅಂದರು ಮೇಸ್ತ್ರಿ. ಎಷ್ಟು, ಒಂದು ಮದುವೆಗೆ ಆಗುವಷ್ಟೆ?
'ಹತ್ತು ಮದುವೆಗೆ.'

ದುಡ್ಡು ಕೇಳಿದಾಗ ನೆಲ ನೋಡುತ್ತಿದ್ದ ಊರು
ಬೆಲ್ಲ ಅಂದದ್ದೇ ತಲೆ ಎತ್ತಿತು.
ಆಲೆಮನೆ ಹೈದೇಗೌಡರು ಕೊಪ್ಪರಿಗೆ ಮುಂದೆ ಬೆವರೊರೆಸುತ್ತ,
'ಕಾಸು ಕೇಳ್ಬ್ಯಾಡ ಕಣಪ್ಪ. ಒಡೆದೋದ ಅಚ್ಚು ಅದೆ,
ಕಪ್ಪಗಾದದ್ದು ಅದೆ. ನಿಮ್ಮವ್ವ ಏನು ಬಣ್ಣ ನೋಡ್ತಾಳಾ?
ತಕ್ಕೊಂಡೋಗು.'
ಅವರ ಮನೆ ಹಸು ಈದರೆ ಮೊದಲ ಗಿಣ್ಣು
ಮೂರು ತಲೆಮಾರಿನಿಂದ ಮಾತೆಗೇ ಬರುತ್ತದೆ;
ಯಾಕೆಂದು ಅವರಿಗೂ ಗೊತ್ತಿಲ್ಲ, ನಮಗೂ.

ಹೀಗೆ ರೂಪಾಯಿ ಬರೆಯುವ ಕಾಲಮ್ಮಿನಲ್ಲಿ
ಅಚ್ಚು ಬರೆಯತೊಡಗಿದೆ. ಒಡೆದದ್ದು ನಲವತ್ತು.
ಉಂಡೆ, ಒಂದು ಕುಕ್ಕೆ. ಜೋನಿ ಎರಡು ಡಬ್ಬ,
ಕೊಟ್ಟವರು ಹೆಸರು ಬೇಡವೆಂದರು.
ಕೂಡಿಸುವುದು ಹೇಗೆ? ಕೂಡಿಸಲಿಲ್ಲ.

ಗಾಣ ಹೂಡಿದರು. ಕಬ್ಬಿನದಲ್ಲ, ಗಾರೆಯದು.
ಒಂಟಿ ಎತ್ತು, ಕಲ್ಲುಗಾಲಿ, ಸುತ್ತುಗಾಲುವೆ.
ತಳಕ್ಕೆ ಒಂದು ಚಪ್ಪಡಿ ಸಾಲದಾಯಿತು.
ಕಿತ್ತು ಒರಗಿಸಿಟ್ಟಿದ್ದ ಅಪ್ಪನ ಕಲ್ಲನ್ನು ನೋಡಿ
ಮೇಸ್ತ್ರಿ ಬಾಯಿ ಬಿಡಲಿಲ್ಲ, ನನ್ನತ್ತ ತಿರುಗಿದರು.
ಹಾಕಿ, ಅಂದೆ.
'ಅಕ್ಷರ ಮೇಲಕ್ಕೋ, ಕೆಳಕ್ಕೋ?'
ಒಂದು ಮಧ್ಯಾಹ್ನ ಹಿಡಿಯಿತು ನನಗೆ ಆ ಪ್ರಶ್ನೆ.
ಮೇಲಕ್ಕೆ, ಅಂದೆ.
ಚೌ ಅಕ್ಷರದ ಕೊಂಕಿನಲ್ಲಿ ಸುಣ್ಣ ತುಂಬಿತು,
ಬೆಲ್ಲದ ನೀರು ನಿಂತಿತು, ಗಾಲಿ ಉರುಳಿ ಉರುಳಿ
ಹನ್ನೊಂದನೇ ದಿನಕ್ಕೆ ಹೆಸರು ನುಣ್ಣಗಾಯಿತು.
ಸವೆದದ್ದು ಎಲ್ಲಿಗೆ ಹೋಯಿತೆಂದು
ಖರ್ಚಿನಲ್ಲಿ ಬರೆದಿಲ್ಲ.

ಈಗ ದಕ್ಷಿಣದ ಗೋಡೆ ಮುಗಿದಿದೆ, ಉತ್ತರದ್ದು ಅರ್ಧ.
ಗಂಟೆ ಇನ್ನೂ ಹುಣಸೆ ಕೊಂಬೆಯಲ್ಲೇ.
ಸ್ವಾಮಿಗಳಿಗೆ ಒಂದೇ ಚಿಂತೆ: ಪೂಜೆ ಹೊತ್ತಿಗೆ ಗೋಡೆ ತುಂಬ ಇರುವೆ,
ಪೀಠದ ತನಕ ಸಾಲು, ಪ್ರಸಂಗಕ್ಕೂ ಚದುರುವುದಿಲ್ಲ.

ನಿನ್ನೆ ಮದಲೇನಮ್ಮನ ಮೊಮ್ಮಗ ಗೋಡೆ ನೆಕ್ಕುತ್ತಿದ್ದ.
ಗದರಿಸಿ ಓಡಿಸಿದೆ. ಅವನು ಮರೆಯಾದ ಮೇಲೆ
ಆಚೀಚೆ ನೋಡಿದೆ.
ನಾಲಿಗೆ ಚುರ್ರೆಂದಿತು. ಸಿಹಿ ಇರಲಿಲ್ಲ.
ಇತ್ತೇನೋ.
ಮನೆಗೆ ಬಂದು ಪುಸ್ತಕ ತೆರೆದು ಬರೆದೆ:
ಗೋಪುರಕ್ಕೆ ಬೇಕಾದದ್ದು, ಇನ್ನೂ ನಾಲ್ಕು ಮದುವೆಯ ಬೆಲ್ಲ.