ಷರಾ

ಒಟ್ಟು ನಲವತ್ತೊಂದು. ಕಲಬುರಗಿಯ ಪೊಲೀಸ್ ಗೋದಾಮಿನ
ಶಹಾಬಾದ್ ಕಲ್ಲಿನ ನೆಲದ ಮೇಲೆ ಮಲಗಿಸಿದ್ದೇವೆ,
ಮದುವೆ ಮನೆಯಲ್ಲಿ ರಾತ್ರಿ ಉಳಿದ ಬೀಗರ ಹಾಗೆ,
ಒಂದರ ಕಾಲಿಗೆ ಇನ್ನೊಂದರ ತಲೆ.
ತ್ರೀ ನಾಟ್ ತ್ರೀ. ಬರುವ ಸೋಮವಾರ ಕುಲುಮೆಗೆ.
ಅಷ್ಟರೊಳಗೆ ನಾನು ಪಟ್ಟಿ ಮುಗಿಸಬೇಕು:
ನಂಬರು, ಇಸವಿ, ಕಟ್ಟಿಗೆ, ಗುರುತು, ಷರಾ.

ಕಟ್ಟಿಗೆ ನನಗೆ ತಿಳಿಯದು. ಅದಕ್ಕೇ
ಶಹಾಬಜಾರಿನಿಂದ ಮೋನಪ್ಪ ಬಡಿಗೇರರನ್ನು ಕರೆಸಿದ್ದು.
ಕನ್ನಡಕ ಮರೆತು ಬಂದಿದ್ದಾರೆ. ಹೆಬ್ಬೆರಳು ತಂದಿದ್ದಾರೆ.

"ಇದು ಅಕ್ರೋಟ, ಹಳೇದು. ಎಳಿ ನೋಡ್ರಿ,
ಎಣ್ಣಿ ಹಚ್ಚಿ ಬಾಚಿದ ಕೂದಲದಂಗ ಅದ.
ಇದು ಬ್ಯಾರೆ. ಬೀಟಿ. ತೂಕ ಹಿಡೀರಿ."
ಮೂಗಿಗೆ ಹಿಡಿದರು. ನನ್ನ ಮೂಗಿಗೂ ಹಿಡಿದರು.
ಅಗಸಿ ಎಣ್ಣೆ. ಯಾರೋ, ಯಾವಾಗಲೋ, ಅಂಗೈಯಲ್ಲಿ ಉಜ್ಜಿದ್ದು.
ನನ್ನ ಡಬ್ಬಿಯಲ್ಲಿ ರೊಟ್ಟಿಯ ಜೊತೆ ಅಗಸಿ ಹಿಂಡಿ ಇತ್ತು;
ಆ ಮಧ್ಯಾಹ್ನ ಮೊದಲ ತುತ್ತಿಗೆ ಸ್ವಲ್ಪ ಹೊತ್ತು ಹಿಡಿಯಿತು.

ನಾನು ಓದುತ್ತೇನೆ, ಅವರು ಮುಟ್ಟುತ್ತಾರೆ.
ಕಿರೀಟ. ಅದರಡಿ ಈಶಾಪುರ, ಹದಿನೇಳನೇ ಇಸವಿ.
ಪಕ್ಕದ್ದೂ ಈಶಾಪುರ, ಐವತ್ತೆರಡು:
ಕಿರೀಟದ ಜಾಗದಲ್ಲಿ ಸಿಂಹಗಳು ಬಂದು ಕೂತಿವೆ.
ಕುಂದಾಕ್ಕೆ ಒತ್ತಿದ ಎಲ್ ಅಂದರೆ ಉದ್ದ ತೋಳಿನವನಿಗೆ,
ಎಸ್ ಅಂದರೆ ಗಿಡ್ಡನಿಗೆ.
ಬಂದೂಕಿಗೂ ಅಂಗಿಯ ಹಾಗೆ ಅಳತೆ ಇತ್ತೆಂದು
ಇಪ್ಪತ್ತೆರಡು ವರ್ಷ ಹೊತ್ತವಳಿಗೆ ಯಾರೂ ಹೇಳಿರಲಿಲ್ಲ.
ನನ್ನ ಬಲಹೆಗಲಿನ ನೋವಿಗೆ ಒಂದು ಅಕ್ಷರ ಸಾಕಿತ್ತು.

ಮುಂಗಟ್ಟಿಗೆಗೆ ಅಡ್ಡ ಹೊಡೆದ ತಿರುಪು, ಬಿರುಕು ಬಿಡದಿರಲಿ ಎಂದು.
ತಾಮ್ರದ ತಂತಿ ಸುತ್ತಿದ್ದು, ಬಾಯಿಗೆ ಬಾಂಬು ಇಟ್ಟು ಹಾರಿಸಿದ್ದು.
ಬೋಲ್ಟಿನ ನಂಬರು ಒಂದು, ನಳಿಗೆಯದು ಇನ್ನೊಂದು.
"ಉಡಿಕಿ ಆಗ್ಯಾದ ಬಿಡ್ರಿ," ಎಂದರು, "ಸಂಸಾರಂತೂ ನಡದದ."
ನಾನು ಬರೆದೆ: ತಾಳೆ ಇಲ್ಲ.

ಇಪ್ಪತ್ತೊಂಬತ್ತನೆಯದರ ಮೇಲೆ ಹೆಬ್ಬೆರಳು ನಿಂತಿತು.
ಕುಂದಾದ ಬಲಮಗ್ಗುಲು, ಹಿತ್ತಾಳೆ ಬಿಲ್ಲೆ ಇರುವ ಜಾಗ.
ಯಾವ ಪಲ್ಟನ್ನು, ಯಾರ ಸರ್ಕಾರ, ಬಿಲ್ಲೆಯ ಜೊತೆಗೇ ಹೋಗಿದೆ.
ಗುಂಡಿಗೆ ಜಾಲಿಯ ಬೆಣೆ ಬಡಿದಿದ್ದಾರೆ, ಹಳೇ ರೂಪಾಯಿಯಷ್ಟಗಲ.
ಸುತ್ತಲಿನ ಉಳಿಯ ಗೀರುಗಳೆಲ್ಲ
ನನ್ನ ಕೈ ಹೋಗದ ಕಡೆಗೆ ವಾಲಿವೆ.

"ಎಡಗೈ," ಎಂದರು.
ಬಹಳ ಹೊತ್ತು ಮತ್ತೇನೂ ಅನ್ನಲಿಲ್ಲ. ಫ್ಯಾನು ಕರಕರ ಅನ್ನುತ್ತಿತ್ತು.
"ನಮ್ಮಪ್ಪ ಕಾಳಪ್ಪ ಎಡಚ. ಪೋಲೀಸ್ ಆಕ್ಷನ್ ಆಗಿ ಮರುವರ್ಷ
ಗಾಡಿ ತುಂಬ ಬಂದೂಕ ತಂದು ಅಂಗಳದಾಗ ಸುರವಿದ್ರಂತ.
ಬಿಲ್ಲಿ ಕೀಳೋದು, ತೂತು ಮುಚ್ಚೋದು. ಒಂದಕ್ಕ ಒಂದಾಣೆ.
ಯಾರದು, ಯಾರ್ನ ಹೊಡದದ, ಕೇಳಂಗಿಲ್ಲ.
ಆ ಬ್ಯಾಸಗಿ ಪೂರ್ತಿ ರಾತ್ರಿ ಎದ್ದು
ಗ್ವಾಡಿ ಸವರಿ ತೂತು ಹುಡಕ್ತಿದ್ದ, ಅಂತಿದ್ಳು ಅವ್ವ."

"ಜಾಲಿ ಯಾಕ್ರಿ?"
"ಅಕ್ರೋಟ ಎಲ್ಲಿಂದ ತರಬೇಕು? ಹಿತ್ತಲದಾಗ ಜಾಲಿ ಇತ್ತು."

ಬೆಣೆಯ ಎಳೆ ಕುಂದಾದ ಎಳೆಗೆ ಅಡ್ಡ ಕೂತಿದೆ.
"ತಪ್ಪು," ಎಂದರು, ಅಂಗಡಿಯ ದನಿಯಲ್ಲಿ.
"ನಾಕು ಗುಂಡು ಹಾರಿದ್ರ ಸಾಕು, ಸೀಳ್ತದ.
ಇದೇ ತಪ್ಪಿಗಿ ನನಗ ಕೈಮ್ಯಾಲ ಹೊಡೀತಿದ್ದ."
ಮತ್ತೆ ಸವರಿದರು. ಉಗುರಿನಿಂದ ಅಂಚು ಕೆದಕಿದರು.
"ಸೀಳಿಲ್ಲ."
ನನ್ನ ಕಡೆ ನೋಡಿದರು.
"ಅಂದ್ರ, ಆಮ್ಯಾಗ ಇದು ಹಾರೇ ಇಲ್ಲ, ತಂಗಿ."

ಬೆಣೆಯಷ್ಟು ಕೊಡಬಹುದೇ ಎಂದು ಅವರು ಕೇಳಲಿಲ್ಲ.
ಕೊಡಲು ಬರುವುದಿಲ್ಲ ಎಂದು ನಾನಾಗಿ ಹೇಳಿದೆ,
ಕಬ್ಬಿಣ ಸರ್ಕಾರಿ, ಕಟ್ಟಿಗೆಯೂ ಸರ್ಕಾರಿ.
"ಮೂವತ್ತನೇದು ತಗೀರಿ," ಎಂದರು.

ಷರಾ ಕಾಲಂ ಎರಡು ಬೆರಳಗಲ. ಬರೆದೆ:
ಬಿಲ್ಲೆ ಇಲ್ಲ. ಜಾಲಿ ಬೆಣೆ. ಎಡಗೈ ಕೆಲಸ. ಎಳೆ ಅಡ್ಡ. ಸೀಳಿಲ್ಲ.

ಸಂಜೆ ಕೂಲಿಯ ರಸೀದಿ, ಆರುನೂರು ರೂಪಾಯಿ.
ಸಹಿ ಬಾರದವರಿಗೆ ಎಡಗೈ ಹೆಬ್ಬೆಟ್ಟು.
ಶಾಯಿ ಹಚ್ಚಿ ಒತ್ತಿಸಿದೆ. ಕರೀ ಬೊಟ್ಟು ಬಿತ್ತು,
ಒಂದು ಗೆರೆಯೂ ಮೂಡಲಿಲ್ಲ, ಎಲ್ಲ ಸವೆದಿದೆ.
ಮತ್ತೊಮ್ಮೆ ಒತ್ತಿಸಿದೆ.