ತೊಂಬತ್ತು ಸೆಕೆಂಡು

ಕ್ಲಾಕ್ಸ್‌ವೀಕ್ ಬಂದರಿನ ಕಚೇರಿ. ಡಿಸೆಂಬರ್.
ಮಧ್ಯಾಹ್ನ ಮೂರಕ್ಕೇ ಕಿಟಕಿ ಕಪ್ಪಾಗಿದೆ.
ಸುನ್ವಾ ಕೇಳುತ್ತಾಳೆ:
"ಎಷ್ಟು ಕಳಕೊಂಡರೆ ತಡಕೊಳ್ಳುತ್ತೀರಿ?"

ಹಾನುಸ್ ಕನ್ನಡಕ ತೆಗೆದು ಒರೆಸುತ್ತಾನೆ.
ನಲವತ್ತು ವರ್ಷ ದೋಣಿಗಳ ಹೋಗುಬರವು ಬರೆದ ಕೈ.
"ಯಾರನ್ನು?" ಎಂದ.

"ಯಾರನ್ನೂ ಅಲ್ಲ ಮಾರಾಯರೆ. ನಿಮಿಷ.
ಸರ್ವರ್ ಸತ್ತರೆ ಕೊನೆಯ ಎಷ್ಟು ನಿಮಿಷದ ಲೆಕ್ಕ
ಹೋದರೆ ನಡೆದೀತು?"

ಬಿಡಿಸಿ ಹೇಳಿದಳು. ಡೇಟಾಬೇಸ್ ಅಂದರೆ
ಈ ಗಳಿಗೆಯ ಬಂದರು: ಏಳನೇ ಕಟ್ಟೆಯಲ್ಲಿ ಯಾವ ದೋಣಿ,
ಅದರ ಹೊಟ್ಟೆಯಲ್ಲಿ ಎಷ್ಟು ಟನ್ ಮೀನು, ಅಷ್ಟೆ.
ಲಾಗ್ ಬೇರೆ. ಬಂದದ್ದು, ಹೋದದ್ದು,
ತಪ್ಪಿ ಬರೆದದ್ದು, ಬರೆದು ಅಳಿಸಿದ್ದು,
ಎದ್ದು ಬಂದು ಎದೆಗೆ ಒದ್ದರೂ
ಇದ್ದದ್ದನ್ನು ಇದ್ದಹಾಗೇ ಹೇಳುವ ಜಾತಿ ಅದು.
ಕಡತವೊಂದು ತುಂಬಿತೋ, ಎತ್ತಿ ಕಳಿಸುತ್ತದೆ
ಕಡಲಾಚೆ ಟೋರ್ಸ್‌ಹಾವ್ನ್‌ನ ಹಗೇವಿಗೆ.

"ಆದರೆ ಸದ್ದಿಲ್ಲದ ರಾತ್ರಿ ಕಡತ ತುಂಬುವುದಿಲ್ಲ.
ಒಂದೇ ದೋಣಿ ಹೊರಟಿದೆ ಅನ್ನಿ.
ಆ ಒಂದು ಸಾಲು ಅರೆಖಾಲಿ ಕಡತದಲ್ಲಿ ಕೂತು
ಬೆಳಗಿನ ಗದ್ದಲಕ್ಕೆ ಕಾಯುತ್ತದೆ.
ಅಷ್ಟರಲ್ಲಿ ಡಿಸ್ಕ್ ಸುಟ್ಟರೆ?
ಅದಕ್ಕೇ ಈ ಗಡುವು. ತುಂಬಲಿ, ಬಿಡಲಿ,
ಇಷ್ಟು ಹೊತ್ತಿಗೆ ಕಟ್ಟಿ ಕಳಿಸು ಅಂತ."

ಹಾನುಸ್‌ನಿಗೆ ಅಂಟಿಕೊಂಡದ್ದು ಆ ಒಂದೇ ದೋಣಿ.
"ಒಂದು ಸೆಕೆಂಡು," ಎಂದ.

ಸುನ್ವಾ ನಕ್ಕಳು. "ಖಾಲಿ ಕಡತವೂ
ಹದಿನಾರು ಮೆಗಾಬೈಟ್ ಜಾಗ ತಿನ್ನುತ್ತದೆ.
ಸೆಕೆಂಡಿಗೊಂದು ಅಂದರೆ ನಾಲ್ಕೇ ದಿನ,
ಹಗೇವು ಬಿರಿಯುತ್ತದೆ. ಐದು ನಿಮಿಷ?"
"ಮೂವತ್ತು ಸೆಕೆಂಡು."
"ಮೂರು ನಿಮಿಷ."
"ನೀರಿಗೆ ಬಿದ್ದವನಿಗೆ ಮೂರು ನಿಮಿಷ ಎಂದರೆ
ಎಷ್ಟು ಗೊತ್ತೇನು ನಿನಗೆ?"
ಮೀನಿನ ಹರಾಜಿನಲ್ಲೂ ಇಷ್ಟು ಜಗ್ಗಾಡಿದವನಲ್ಲ.
ತೊಂಬತ್ತಕ್ಕೆ ಕುದುರಿತು.

ಮಿಕ್ಕದ್ದನ್ನು ಅವಳೊಬ್ಬಳೇ ಬರೆದಳು:
ಅದೇ ಹೆಸರಿನ ಕಡತ ಅಲ್ಲಿ ಮೊದಲೇ ಇದ್ದರೆ
ಅದರ ಮೇಲೆ ಬರೆಯಬೇಡ.
ಮುಟ್ಟಿದ್ದು ಖಾತ್ರಿಯಾಗದೆ ಸೊನ್ನೆ ಎನ್ನಬೇಡ
(ಇಲ್ಲಿ ಸೊನ್ನೆ ಎಂದರೆ ಕ್ಷೇಮ).
ಮುಟ್ಟದಿದ್ದರೆ ಬಿಸಾಡಬೇಡ, ಹಿಡಿದುಕೋ,
ಮತ್ತೆ ಕಳಿಸು, ಮತ್ತೆ.
ಜಾಗ ಮುಗಿಯುತ್ತ ಬಂತೋ, ನನ್ನನ್ನು ಎಬ್ಬಿಸು.
ಭಾನುವಾರಕ್ಕೊಮ್ಮೆ ಪೂರ್ತಿ ನಕಲು.
ಮೂವತ್ತೈದು ದಿನಕ್ಕೆ ಹಳೆಯದರ ಋಣ ತೀರಿತು.

ಹಿಂದಿದ್ದವನು ಮೂರು ವರ್ಷ
ದಿನಾ ರಾತ್ರಿ ತಪ್ಪದೆ ಬ್ಯಾಕಪ್ ತೆಗೆದಿದ್ದ.
ಬಿಚ್ಚಿ ನೋಡಿದರೆ ಎಲ್ಲವೂ ಸೊನ್ನೆ ಬೈಟು.
(ಅದು ಇನ್ನೊಂದು ಬಗೆಯ ಸೊನ್ನೆ.)
ಹಾಗಾಗಿ ಸುನ್ವಾ ಬರೆದದ್ದನ್ನು ನಂಬುವವಳಲ್ಲ.
ಒಂದು ತಿಂಗಳು ಕಳೆಯಲೆಂದು ಬಿಟ್ಟಳು. ಆಮೇಲೆ
ಮೂಲೆಯ ಹಳೇ ಯಂತ್ರಕ್ಕೆ ಭಾನುವಾರದ ನಕಲು ಹಾಕಿ
ಅದರ ಮೇಲೆ ಲಾಗು, ಒಂದರ ಹಿಂದೊಂದು,
ಹೋದ ಮಂಗಳವಾರ ಮೂರು ನಲವತ್ತರವರೆಗೆ
ಓಡಿಸಿ ನಿಲ್ಲಿಸಿದಳು.

ತೆರೆಯ ಮೇಲೆ ಬಂದರು ಎದ್ದು ಕೂತಿತು.
ಕಟ್ಟೆ ಏಳು: ಬ್ರಿಮಿಲ್. ಕಟ್ಟಿದೆ.

ಬುಧವಾರ ಅದನ್ನು ಗುಜರಿಗೆ ಎಳೆದೊಯ್ದಿದ್ದರು.
ರುಜು ಹಾಕಿದ್ದು ಹಾನುಸ್.
ಹದಿನೆಂಟಕ್ಕೆ ಅದನ್ನು ಹತ್ತಿದ್ದೂ ಅವನೇ.
ಕಿಟಕಿಯಾಚೆ ನೋಡಿದ. ಏಳರಲ್ಲಿ ನೀರು, ದೀಪದ ಬಿಂಬ.
ಈಚೆ ನೋಡಿದ. ಕಟ್ಟಿದೆ.

"ಪರೀಕ್ಷೆ ಸರಿ, ಹನ್ನೆರಡು ನಿಮಿಷ ಹಿಡಿಯಿತು,"
ಪುಸ್ತಕದಲ್ಲಿ ಬರೆದುಕೊಂಡು
ಯಂತ್ರ ಆರಿಸಲು ಅವಳು ಕೈ ಚಾಚಿದಳು.

"ಇರಲಿ," ಎಂದ. "ಕಾಫಿ ಮುಗಿಯಲಿ."

ಖಾಲಿ ಲೋಟಕ್ಕೆ ಇನ್ನಷ್ಟು ಬಗ್ಗಿಸಿಕೊಂಡ.